ಮೇಲಿನ ತಿಳಿ

ಇಲ್ಲ, ಆ ಔಷಧಿಯ ಬಾಟಲಿ ಕಂದು ಬಣ್ಣದ್ದಾಗಿರಲಾರದು. ಕಂದಾಗಿದ್ದರೆ ಒಳಗಿನದು ಅವ್ವನಿಗೆ ಹೇಗೆ ಕಾಣುತ್ತಿತ್ತು? ನಾನು ಚಿಕ್ಕವನಿದ್ದಾಗ, ಶಿರಗುಪ್ಪಿಯ ಮನೆಯಲ್ಲಿ ಜ್ವರ ಬಂದು ಮಲಗಿದ್ದಾಗಿನ ಮಾತಿದು, ಮೊಮ್ಮಕ್ಕಳೇ. ಅರ್ಧ ನಾನು ಕಂಡದ್ದು, ಅರ್ಧ ಅಕ್ಕ ಹೇಳಿದ್ದು. ಯಾವುದು ಯಾವುದೆಂದು ಈಗ ಬೇರ್ಪಡಿಸಲಾರೆ.

ನಮಗೆ ಕುಡಿಯಲು ಕೆರೆಯ ನೀರು. ಎರೆಮಣ್ಣು ಬೆರೆತ ಕದಡು ನೀರು. ಕೊಡ ತಂದಿಟ್ಟ ಮೇಲೆ ಯಾರೂ ಅದನ್ನು ಅಲುಗಿಸುವಂತಿರಲಿಲ್ಲ. ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ತಳದ ಗಸಿಯನ್ನು ಹಿತ್ತಲಿಗೆ ಚೆಲ್ಲುತ್ತಿದ್ದೆವು. ಅಪ್ಪ ಹುಬ್ಬಳ್ಳಿಯಿಂದ ತಂದ ಔಷಧಿಯಲ್ಲೂ ಬಿಳಿ ಪುಡಿ ತೇಲಾಡುತ್ತಿತ್ತು. ಬಾಟಲಿಯ ಚೀಟಿ ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅವ್ವ ಬಾಟಲಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಬಿಳಿಯದೆಲ್ಲ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಕುಡಿಸುತ್ತಾ ಬಂದಳು. ಜ್ವರ ಏರುತ್ತಲೇ ಹೋಯಿತು.

ಬೇರೆ ಔಷಧಿ ತರುತ್ತೇನೆಂದು ಅಪ್ಪ ಒಂದು ದಿನ ಬೆಳಿಗ್ಗೆಯೇ ಹುಬ್ಬಳ್ಳಿಯ ಡಾಕ್ಟರ ಬಳಿಗೆ ಹೋದ. ಮಧ್ಯಾಹ್ನಕ್ಕೆ ನನ್ನ ತುಟಿ ಒಡೆದಿತ್ತು. ಕಂಬಳಿಯ ವಾಸನೆ ಉಸಿರುಗಟ್ಟಿಸುತ್ತಿತ್ತು. ತೊಲೆಗಳು ಹತ್ತಿರ ಬಂದು ದೂರ ಸರಿಯುತ್ತಿದ್ದವು.

"ಯವ್ವಾ, ತಿಳಿ ಮುಗೀತು. ಬರೇ ಗಸಿ ಉಳದೈತಿ. ಚೆಲ್ಲಲೇನು?" ಎಂದಳು ಅಕ್ಕ.

"ಚೆಲ್ಲತಾಳಂತ, ದೊಡ್ಡ ಶ್ಯಾಣ್ಯಾಕಿ! ಹುಡುಗನ ಮೈ ಹೆಂಗ ಸುಡಾಕತ್ತೈತಿ ನೋಡು. ಗಸಿ ಆದ್ರೂ ಔಷಧದ್ದಲಾ? ಅಷ್ಟೂ ಕುಡಿಸಿಬಿಡೂಣು."

ಸುಣ್ಣದಂಥ ಗಟ್ಟಿ ಗಸಿಯನ್ನು ಅವ್ವ ಚಮಚಕ್ಕೆ ತುಂಬಿ ನನ್ನ ಗದ್ದ ಹಿಡಿದಳು. ಅಷ್ಟರಲ್ಲಿ ಹೊಸ್ತಿಲಲ್ಲಿ ಅಪ್ಪನ ಕೂಗು.

"ಕುಡಿಸಬ್ಯಾಡ! ಔಷಧೆಲ್ಲಾ ತಳದಾಗ ಕುಂತೈತಂತ. ಒಮ್ಮೆಲೆ ಹೊಟ್ಟ್ಯಾಗ ಹೋದ್ರ ಜೀವಕ್ಕ ಕುತ್ತು! ತಿಳಿ ಮಾಡೇ ಕೊಟ್ಟೇವ್ರಿ ಅಂತ ನಾ ಹೆಮ್ಮೀಲೆ ಹೇಳಿದೆ. ಡಾಕ್ಟರು ಕುರ್ಚಿ ಬಿಟ್ಟ ಎದ್ದ ನಿಂತ್ರು!"

ಸಕ್ಕರೆ ನೀರಿನಲ್ಲಿ ಕರಗುತ್ತದೆ. ಮೇಲೂ ಕೆಳಗೂ ಒಂದೇ ಸಿಹಿ. ಸೀಮೆಸುಣ್ಣದ ಪುಡಿ ಕರಗುವುದಿಲ್ಲ. ಅಲುಗಿಸಿದರೆ ಹರಡುತ್ತದೆ, ಬಿಟ್ಟರೆ ತಳ ಸೇರುತ್ತದೆ. ಕೆಲವು ಔಷಧಿಗಳೂ ಹಾಗೆಯೇ. ಅಷ್ಟು ದಿನ ನಾನು ಕುಡಿದದ್ದು ಹೆಚ್ಚುಕಡಿಮೆ ಬರೀ ಸಿಹಿನೀರು. ಅಪ್ಪ ತಂದ ಹೊಸ ಬಾಟಲಿಯನ್ನು ಅಲುಗಿಸಲು ಅವ್ವನಿಗೆ ಕೈಯೇ ಏಳಲಿಲ್ಲ, ಅಕ್ಕ ಅಲುಗಿಸಿಕೊಟ್ಟಳು.

ನಿಮ್ಮ ವಿದ್ಯಾನಗರದ ಮನೆಯಲ್ಲಿ ನೀರು ಫಿಲ್ಟರಿನಿಂದ ತಿಳಿಯಾಗಿಯೇ ಇಳಿಯುತ್ತದೆ. ನಿಮ್ಮಮ್ಮ ಫೋನಿನಲ್ಲಿ ಮಾತಾಡುತ್ತಲೇ ಔಷಧಿಯ ಬಾಟಲಿ ಅಲುಗಿಸುತ್ತಾಳೆ. ಅಂದು ತನ್ನ ಕೂಗಿಗೆ ಅವ್ವನ ಕೈಯ ಚಮಚ ನೆಲಕ್ಕೆ ಬಿತ್ತು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ. ನಾನು ಅರ್ಧ ಆಗಲೇ ನುಂಗಿದ್ದೆ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಅವ್ವ ಮಾತ್ರ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅಂದು ಆಮೇಲೆ ನಾನು ಎಚ್ಚರ ತಪ್ಪಿ ಬಿದ್ದಿದ್ದೆನಂತೆ. ಅದು ಜ್ವರದಿಂದಲೋ, ಆ ಚಮಚದಿಂದಲೋ, ನನಗೆ ಗೊತ್ತಿಲ್ಲ.