ಮಾಡದ ಪಾಪದ ಸಾಕ್ಷಿ

ಚೇತನ್‌ಕುಮಾರನಿಗೆ ಇಪ್ಪತ್ತಾರು ವರ್ಷ. ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರ ಲಾಂಡ್ರಿಯಲ್ಲಿ ಕೆಲಸ. ಅಂತರಸಂತೆಯ ಪ್ರಾರ್ಥನಾಲಯಕ್ಕೆ ಹೋಗಲು ಶುರುಮಾಡಿ ಮೂರು ವರ್ಷವಾಗಿತ್ತು. ಅಲ್ಲಿ ಅವನಿಗಿದ್ದ ಒಂದೇ ಕೊರಗೆಂದರೆ, ಹೇಳಿಕೊಳ್ಳುವಂಥ ಪಾಪ ಒಂದೂ ಇಲ್ಲದ್ದು.

ಭಾನುವಾರ ಒಬ್ಬೊಬ್ಬರಾಗಿ ಎದ್ದು, ದೇವರು ತಮ್ಮನ್ನು ಎಂಥ ಕೆಸರಿನಿಂದ ಎತ್ತಿದನೆಂದು ಸಾಕ್ಷಿ ಹೇಳುತ್ತಿದ್ದರು. ಸುರೇಶನದು ಇಸ್ಪೀಟು, ಚಾಮಯ್ಯನದು ಹೆಂಡ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಚೇತನ್ ಎದ್ದು, ತಾನು ಬೆಳಿಗ್ಗೆ ಬಹಳ ಹೊತ್ತು ಮಲಗಿರುತ್ತಿದ್ದೆ ಎಂದಾಗ ಯಾರೋ ಆಕಳಿಸಿದರು. ಮುಂದಿನ ಸಲ ಒಂದು ಕ್ವಾರ್ಟರ್ ಬ್ರಾಂದಿ ಸೇರಿಸಿದ. ಜನಕ್ಕೆ ಹಿಡಿಸಿತು. ಹುಣಸೂರಿನ ಕೂಟಕ್ಕೆ ಕರೆದಾಗ ಅದು ಫುಲ್ ಬಾಟಲಿಯಾಯಿತು. ಪಿರಿಯಾಪಟ್ಟಣ ತಲುಪುವ ಹೊತ್ತಿಗೆ ಅವನು ಕುಡಿದು ಬಂದು ಹೆತ್ತ ತಾಯಿಗೇ ಹೊಡೆಯುತ್ತಿದ್ದ. ನಿಜ ಹೇಳಬೇಕೆಂದರೆ, ಕೆಮ್ಮಿನ ಸಿರಪ್ಪು ಒಂದು ಚಮಚ ಹೆಚ್ಚಾದರೂ ಅವನಿಗೆ ತಲೆ ಸುತ್ತುತ್ತಿತ್ತು.

ಆಮೇಲೆ ತಾಲ್ಲೂಕು ಪಟ್ಟಣವಾದ ಕೋಟೆಯಲ್ಲಿ ದೊಡ್ಡ ಕೂಟ. ಸಭೆಯ ಹಿರಿಯರಾದ ನಂಜಣ್ಣ ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು; ಹಾಡು ಮುಗಿದ ಮೇಲೆ ಅವನ ಸಾಕ್ಷಿ. ದೇವರು ಪರಿಶುದ್ಧನೆಂಬ ಸಾಲನ್ನೇ ಜನ ಮತ್ತೆ ಮತ್ತೆ ಹಾಡಿ, ಯಾರೂ ಹೇಳದೆ ತಾವಾಗಿಯೇ ನಿಲ್ಲಿಸಿದರು. ಒಂದು ಕೆಮ್ಮೂ ಇಲ್ಲ. ಮನಸ್ಸಿನಲ್ಲೇ ತಾಯಿಗೆ ಇನ್ನೊಂದು ಏಟು ಕೊಡಲೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ ಚೇತನ್ ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟ. ಲಾಂಡ್ರಿಯಲ್ಲಿ ಹಳೆಯ ಬೆಡ್‌ಶೀಟು ಬೆಳ್ಳಗೇ ಕಾಣುತ್ತದೆ, ಪಕ್ಕಕ್ಕೆ ಹೊಸದೊಂದು ಬರುವವರೆಗೆ. ಆ ಮೌನದಲ್ಲಿ ಯಾರೋ ಅವನ ಪಕ್ಕಕ್ಕೆ ಹೊಸದನ್ನು ಹರವಿದ ಹಾಗಾಯಿತು. ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು, ಯಾರೂ ಬೈಯಲಿಲ್ಲ. ಪಾಪವಿಲ್ಲವೆಂದು ಕೊರಗಿದ್ದವನಿಗೆ, ಬಾಯಿತುಂಬ ಅದನ್ನೇ ಇಟ್ಟುಕೊಂಡು ಊರೂರು ಸುತ್ತಿದ್ದು ಕಂಡಿತು.

ಮೈಕು ಕೈಗೆ ಬಂತು.

"ನಾನು ಯಾವತ್ತೂ ಕುಡ್ದಿಲ್ಲ. ನಮ್ಮವ್ವನ ಮೇಲೆ ಕೈ ಎತ್ತಿಲ್ಲ. ನೀವು ಮೆಚ್ಕೊಳ್ಳಿ ಅಂತ ದೇವ್ರ ಎಸ್ರಲ್ಲಿ ಸುಳ್ ಯೋಳ್ದೆ," ಎಂದವನು ಅತ್ತುಬಿಟ್ಟ.

ಅವನು ನಿಜವಾಗಿ ಅತ್ತದ್ದು ಅದೇ ಮೊದಲು. ಕಣ್ಣೊರೆಸಿಕೊಂಡವರು ಮಾತ್ರ ಒಬ್ಬರೂ ಇಲ್ಲ. ನಂಜಣ್ಣ ಮೆಲ್ಲಗೆ ಮೈಕು ತೆಗೆದುಕೊಂಡು ಮುಂದಿನ ಹಾಡು ಹೇಳಿದರು.

ಮನೆಗೆ ಬಂದು ತಾಯಿ ಚಿಕ್ಕಬಸಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವಳಿಗೆ ಮೊದಲೇ ಗೊತ್ತಿತ್ತು. ತಿಂಗಳಿನಿಂದ ಸಂತೆಯಲ್ಲಿ ಕಂಡವರೆಲ್ಲ ಮಗನ ಏಟಿಗೆ ಅವಳನ್ನು ಸಮಾಧಾನ ಮಾಡುತ್ತಿದ್ದರು. ದೇವರು ಕ್ಷಮಿಸಿದ್ದಾನೆ ಅನ್ನಿಸುತ್ತದೆ ಎಂದ ಮಗ. ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ಕ್ಷಮಿಸ್ಲಿ ಕಣ್ಲಾ, ಅವ್ನು ದೊಡ್ಡೋನು. ಸಂತೇಲಿ ನನ್ ಮಾನ ಓಯ್ತಲ್ಲ, ಅದನ್ ಯಾರ್ ತಂದ್ಕೊಡ್ತಾರೆ?"

ಸಂತೆಯ ದಿನ ಚೇತನ್ ರಜೆ ಹಾಕಿ, ತಾಯಿಯ ಚೀಲ ಹಿಡಿದು ಹೊರಟ. ಮೊದಲು ಸಿಕ್ಕಿದ್ದು ವೀಳ್ಯದೆಲೆ ಮಾರುವ ಚಲುವಯ್ಯ. ತಾನು ತಾಯಿಗೆ ಹೊಡೆದೇ ಇಲ್ಲವೆಂದು ಚೇತನ್ ಹೇಳಿದ್ದನ್ನು ಅವನು ಎಲೆಗೆ ನೀರು ಚಿಮುಕಿಸುತ್ತ ಪೂರ್ತಿ ಕೇಳಿಸಿಕೊಂಡು, ಕನಿಕರದಿಂದ ತಲೆದೂಗಿದ.

"ಆಗಿದ್ದಾಯ್ತು, ಬುಡಪ್ಪ. ಈಗ ಒಡಿಯಾಕಿಲ್ವಲ್ಲ, ಅಷ್ಟು ಸಾಕು."

ಚಿಕ್ಕಬಸಮ್ಮ ಹಿಂದಿನಿಂದ ಮಗನ ಬೆನ್ನಿಗೆ ತಿವಿದಳು. "ಇನ್ನೊಂದ್ಸಲ ಯೋಳು."

ಚೇತನ್ ಮತ್ತೆ ಮೊದಲಿನಿಂದ ಶುರುಮಾಡಿದ, ಈ ಸಲ ಏನನ್ನೂ ಸೇರಿಸದೆ. ಮುಂದೆ ಇನ್ನೂ ನಲವತ್ತು ಅಂಗಡಿಗಳಿದ್ದವು.