ಚಿಕ್ಕಪ್ಪನಿಗೊಂದು ಪಂಚೆ

ಹೊಸ ಪಂಚೆಯ ಗಂಜಿ ವಾಸನೆ ಮೂಗಿಗೆ ತಾಕಿದ್ದೇ, ವಿಜಯನಗರದ ಆ ಬಟ್ಟೆ ಅಂಗಡಿಯಲ್ಲಿ ನಾನು ಸ್ಟೂಲು ಎಳೆದುಕೊಂಡು ಕೂತುಬಿಟ್ಟೆ. ಆಗತಾನೇ ಚಿಕ್ಕಮ್ಮ ಫೋನಿನಲ್ಲಿ, "ಹಿರಿಯರ ಹಬ್ಬಕ್ಕೆ ನಿಮ್ಮ ಚಿಕ್ಕಪ್ಪನಿಗೂ ಒಂದು ಪಂಚೆ ತಗೊಂಡ್ಬಾರೇ. ಎಷ್ಟು ವರ್ಷ ಅಂತ ಅವರನ್ನ ಹಸಿದಿರೋಕೆ ಬಿಡ್ಲಿ?" ಎಂದಿದ್ದರು.

ಹೊಸಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಆ ಹಬ್ಬದ ದಿನ ಸಾಂಬ್ರಾಣಿ ಹೊಗೆ ನಡುಮನೆಯನ್ನೆಲ್ಲ ತುಂಬುತ್ತಿತ್ತು. ತೀರಿಕೊಂಡ ಒಬ್ಬೊಬ್ಬರ ಹೆಸರಿಗೂ ಹೊಸ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ ಎಡೆಗಿಡುವುದು ನಮ್ಮ ಪದ್ಧತಿ. ಎಲ್ಲದಕ್ಕೂ ತಾರೀಖು ಹಾಕಿ ಲೆಕ್ಕ ಬರೆದಿಡುತ್ತಿದ್ದ ನನಗೆ ಒಂಬತ್ತನೇ ವಯಸ್ಸಿಗೇ ಅಜ್ಜಿ, ಯಾರಿಗೆ ಏನು ಇಡಬೇಕೆಂಬ ಪಟ್ಟಿ ಬರೆಯುವ ಕೆಲಸ ಒಪ್ಪಿಸಿದ್ದರು. ಚಿಕ್ಕಪ್ಪ ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ರಜೆಗೆ ಬಂದಾಗ ಮಾಳಿಗೆಯ ಮೇಲೆ ಕೂತು, "ನಂದು ಎಷ್ಟು ಕೊಡುಬಳೆ ಆಯ್ತೇ, ಲೆಕ್ಕದಮ್ಮ?" ಎನ್ನುವರು. ಹದಿನಾಲ್ಕು ಎಂದರೆ, "ಒಂಬತ್ತು ಅಂತ ಬರಿ, ನಿಮ್ಮ ಚಿಕ್ಕಮ್ಮ ನೋಡಿದ್ರೆ ಮುಗೀತು." ಗಾಯಾಳುಗಳನ್ನು ಕರೆತರಲು ಗಡಿಯ ಬೆಟ್ಟಗಳತ್ತ ಹಾರಿದವರು ಕಾಣೆಯಾಗಿ ಆ ವರ್ಷದ ಹಬ್ಬದ ಹೊತ್ತಿಗೆ ಏಳು ತಿಂಗಳಾಗಿತ್ತು. ಹೆಲಿಕಾಪ್ಟರಿನ ಒಂದು ತುಂಡೂ ಸಿಕ್ಕಿರಲಿಲ್ಲ. ನಾನು ಮನೆಯಲ್ಲಿ ಇರುವವರನ್ನೆಲ್ಲ ಎಣಿಸಿ, ಇಲ್ಲದವರನ್ನು ಪಟ್ಟಿಗೆ ಸೇರಿಸಿದೆ. ತಾತ, ಮುತ್ತಜ್ಜಿ, ಆಮೇಲೆ ಚಿಕ್ಕಪ್ಪ. ಅವರ ಹೆಸರಿನ ಮುಂದೆ 'ಪಂಚೆ ಒಂದು, ಕೊಡುಬಳೆ' ಎಂದು ಬರೆದು ಜೋರಾಗಿ ಓದಿದೆ. ಅಡುಗೆಮನೆಯ ಸದ್ದು ನಿಂತುಹೋಯಿತು. ಅಪ್ಪ ಕೈ ಎತ್ತಿದರು. ಚಿಕ್ಕಮ್ಮ ಅಡ್ಡ ಬಂದು, ಹಿಟ್ಟು ಮೆತ್ತಿದ ಬೆರಳಲ್ಲೇ ಪೆನ್ಸಿಲ್ ಕಿತ್ತುಕೊಂಡು ಆ ಹೆಸರನ್ನು ಹೊಡೆದುಹಾಕಿದರು. "ಅವರು ಬರ್ತಾರೆ ಕಣೇ. ಬಂದು ಯಾಕೆ ಹೀಗ್ ಬರೆದೆ ಅಂತ ಕೇಳಿದ್ರೆ ಏನ್ ಹೇಳ್ತೀಯಾ?" ಎಂದರು.

ಆ ಮನೆ ಈಗಿಲ್ಲ, ಅಜ್ಜಿಯೂ ಇಲ್ಲ. ಪಟ್ಟಿ ವರ್ಷವರ್ಷ ಉದ್ದವಾಯಿತು. ಇಪ್ಪತ್ತು ವರ್ಷ ಅದರಲ್ಲಿ ಚಿಕ್ಕಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ. ಚಿಕ್ಕಮ್ಮ ಒಂದು ದಿನವೂ ಕುಂಕುಮ ಬಿಡಲಿಲ್ಲ.

"ಯಾವ ವಯಸ್ಸಿನವರಿಗೆ ಮೇಡಂ? ವಯಸ್ಸಾದವರಿಗೆ ಅಂದ್ರೆ ಸಣ್ಣ ಅಂಚಿಂದು ತೋರಿಸ್ತೀನಿ," ಎಂದರು ಅಂಗಡಿಯವರು. ಹೋದಾಗ ಚಿಕ್ಕಪ್ಪನಿಗೆ ಮೂವತ್ತು, ನನಗೀಗ ಇಪ್ಪತ್ತೊಂಬತ್ತು. ತಲೆ ನರೆತ ಚಿಕ್ಕಪ್ಪನನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದೆ, ಆಗಲಿಲ್ಲ.

"ಮೂವತ್ತು," ಎಂದೆ.

ಅವರು ಅಗಲ ಜರಿ ಅಂಚಿನ ಪಂಚೆಯೊಂದನ್ನು ಬಿಚ್ಚಿ ನನ್ನ ಮಡಿಲ ಮೇಲೆ ಹರಡಿದರು. "ಹಾಗಾದ್ರೆ ಇದು ತಗೊಳ್ಳಿ. ಅವರಿಗೆ ಚೆನ್ನಾಗಿ ಒಪ್ಪುತ್ತೆ."