ಗ್ರೀಸು ಮೆತ್ತಿದ ಸೀರೆ

ಇವತ್ತು ಬೆಳಿಗ್ಗೆ ಬೀರು ಹರವಿಕೊಂಡು ಕೂತಿದ್ದೆ. ನುಸಿಗುಳಿಗೆಯ ವಾಸನೆ ನಡುವೆ ನನ್ನ ಹಳೇ ಹಸಿರು ಸೀರೆ ಸಿಕ್ಕಿತು. ಸೆರಗಿನ ತುಂಬ ಕಪ್ಪು ಗ್ರೀಸು. ಸೋಪು, ಸೀಗೆಪುಡಿ, ಸೀಮೆಎಣ್ಣೆ ಯಾವುದಕ್ಕೂ ಜಗ್ಗಿಲ್ಲ. ಸೊಸೆ ಎಷ್ಟೋ ಸಲ "ಕತ್ತರಿಸಿ ಒರೆಸೋ ಬಟ್ಟೆ ಮಾಡ್ಕಳಣ ಅತ್ತೆ" ಅಂದಿದ್ದಾಳೆ. ಅವಳಿಗೆ ಕತ್ತರಿ ಮುಟ್ಟಿಸಲು ನಾನು ಬಿಟ್ಟಿಲ್ಲ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಳೇಬೀಡಿನ ಕಡೆಯಿಂದ ಹಾರನಹಳ್ಳಿಗೆ ಸೊಸೆಯಾಗಿ ಬಂದಮೇಲೆ ನನ್ನ ವಿದ್ಯೆಯೆಲ್ಲ ಅಟ್ಟದ ಮೇಲೆ. ಅಲ್ಲಿ ತೆಂಗಿನಕಾಯಿ ತುಂಬಿಡ್ತೀವಿ, ಒಳಗೊಳಗೇ ಒಣಗಿ ಕೊಬ್ಬರಿಯಾಗಲಿ ಅಂತ. ಆಯಿತೋ ಇಲ್ಲವೋ ನೋಡೋಕೆ ಒಡೆಯೋ ಹಾಗಿಲ್ಲ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬೇರೆ, ಒಣಗಿದ್ದು ಉರುಳೋ ಸದ್ದು ಬೇರೆ, ಕೆಟ್ಟಿದ್ದರ ಮಂಕು ಸದ್ದೇ ಬೇರೆ. ನನ್ನ ಮೊಮ್ಮಗಳು ಸವಿತ ಮಗ್ಗಿಗಿಂತ ಮೊದಲು ಇದನ್ನು ಕಲಿತಳು.

ಹತ್ತು ಹನ್ನೆರಡು ವರ್ಷದ ಕೆಳಗೆ ಅವಳು ಅರಸೀಕೆರೆ ಕಾಲೇಜಿನಲ್ಲಿ ಮಿಷನ್ ಕೆಲಸ ಓದ್ತಿದ್ದಳು. ತರಗತಿಗೆ ಒಬ್ಬಳೇ ಹುಡುಗಿ. ಆಗ ಕಾಲೇಜಿಗೂ ಒಂದು ಕಾರ್ಖಾನೆಗೂ ಒಪ್ಪಂದವಾಯಿತು. ಪುಸ್ತಕ ಓದಿದವರು ಬೇಕಾದಷ್ಟು ಇದ್ದಾರೆ, ಮಿಷನ್ ಬಿಚ್ಚಿ ಜೋಡಿಸೋರು ಸಿಗ್ತಿಲ್ಲ ಅಂತ ಕಾರ್ಖಾನೆಯವರ ಗೋಳಂತೆ. ಅವರೇ ಬಂದು ಆರು ಜನರನ್ನು ಆರಿಸ್ತಾರೆ, ಅರ್ಧ ವರ್ಷ ಕಾಲೇಜು, ಅರ್ಧ ವರ್ಷ ಕಾರ್ಖಾನೆ.

"ಆ ಆರರಲ್ಲಿ ನಾನಿರ್ಲೇಬೇಕು ಅಜ್ಜಿ. ಇಲ್ಲಾಂದ್ರೆ ಕೈಗೆ ಸರ್ಟಿಫಿಕೇಟ್ ಬರುತ್ತೆ, ಕೆಲಸ ಬರಲ್ಲ" ಅಂದಳು ಸವಿತ.

ಹೊರಗಿನವರು ಬಂದು, ನಮ್ಮ ಹುಡುಗಿಯನ್ನು ನೋಡಿ, ಒಪ್ಪಿ ಕರ್ಕೊಂಡು ಹೋಗ್ತಾರೆ ಅಂದಮೇಲೆ ನನಗೆ ಗೊತ್ತಿದ್ದ ತಯಾರಿ ಒಂದೇ. ನಗಬೇಡಿ. ಬೇಲೂರಿಗೆ ಕರ್ಕೊಂಡು ಹೋಗಿ ಕೈತುಂಬ ಗಾಜಿನ ಬಳೆ ತೊಡಿಸಿದೆ. ಬಳೆಗಾರ ಕೈ ಹಿಂಡಿ ಹಿಂಡಿ ಬಿಗಿಯಾಗಿ ಏರಿಸಿದ. ಆರಿಸೋ ದಿನ ತಲೆತುಂಬ ಮಲ್ಲಿಗೆ ಮುಡಿಸಿ, ಕೇಸರಿಬಾತಿನ ಡಬ್ಬಿ ಹಿಡಿದು ನಾನೂ ಬಸ್ಸು ಹತ್ತಿದೆ. "ಬೇಡ ಅಜ್ಜಿ" ಅಂತ ಅವಳು ದಾರಿಯುದ್ದಕ್ಕೂ ಹೇಳಿದಳು. ನನ್ನ ಸಡಗರದಲ್ಲಿ ಕೇಳಿಸಬೇಕಲ್ಲ!

ಕಾಲೇಜಿನ ಷೆಡ್ಡಿನ ಬಾಗಿಲಲ್ಲೇ ಕಾರ್ಖಾನೆಯ ಆಫೀಸರು ತಡೆದರು. "ಓಡೋ ಮಿಷನ್ ಹತ್ತಿರ ಬಳೆ ಆಗಲ್ಲಮ್ಮ. ತೆಗೆದು ಬಾ, ಇಲ್ಲಾಂದ್ರೆ ಮುಂದಿನವರನ್ನ ಕರೀತೀನಿ."

ಎಳೆದರೆ ಬರ್ತಾವಾ? ಸವಿತನ ಕಣ್ಣು ತುಂಬಿತು. "ಒಡೆದ್ಬಿಡಿ, ಟೈಮಿಲ್ಲ" ಅಂದರು ಅವಳ ಮೇಷ್ಟ್ರು.

"ಗಾಜು ಕುಯ್ದ್ರೆ ಆ ಕೈಯಾಗೆ ಏನ್ ಮಾಡ್ತಾಳೆ ಸಾಮಿ?" ಅಂದವಳೇ ಪಕ್ಕದಲ್ಲಿದ್ದ ಗ್ರೀಸಿನ ಡಬ್ಬಕ್ಕೆ ಕೈ ಹಾಕಿದೆ. ಅವಳ ಮೊಣಕೈವರೆಗೂ ಮೆತ್ತಿದೆ. "ಅಳಬ್ಯಾಡ ಕಣೇ, ಹೆಬ್ಬೆಟ್ಟು ಒಳಕ್ಕೆ ಮಡಚು." ಒಂದೊಂದಾಗಿ ಹನ್ನೆರಡೂ ಜಾರಿ ಬಂದವು. ಸಾಲಿನಲ್ಲಿದ್ದ ಹುಡುಗನೊಬ್ಬ, "ಸಾರ್, ಅಜ್ಜೀನೂ ಸೇರಿಸ್ಕಳಿ, ರಿಪೇರಿ ಬತ್ತದೆ" ಅಂದ. ಎಲ್ಲರೂ ನಕ್ಕರು. ಸೆರಗಿನಲ್ಲಿ ಅವಳ ಕೈ ಒರೆಸಿ ಒಳಗೆ ತಳ್ಳಿದೆ.

ಒಳಗೆ ಮೂರು ಮೋಟಾರು ಓಡ್ತಿದ್ದವು. ಕೆಟ್ಟಿದ್ದು ಯಾವುದು ಹೇಳಬೇಕು. ಹುಡುಗರು ಮುಟ್ಟಿ, ಬಗ್ಗಿ, ಊಹೆ ಮಾಡಿದ್ದರು. ಸವಿತ ಸ್ಕ್ರೂಡ್ರೈವರಿನ ತುದಿ ಒಂದೊಂದು ಮೋಟಾರಿಗೂ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದಳು. ಕಣ್ಣು ಮುಚ್ಚೋದು ಅಟ್ಟದ ಅಭ್ಯಾಸ, ನನಗೆ ಗುರುತು ಸಿಕ್ಕಿತು.

"ಮಧ್ಯದ್ದು ಸಾರ್. ಬೇರಿಂಗ್ ಸವೆದಿದೆ, ಸದ್ದು ಮಂಕಾಗಿದೆ."

ಆಫೀಸರು ತಾವೂ ಬಗ್ಗಿ ಕಿವಿಗೊಟ್ಟರು. "ಈ ಸದ್ದು ಕೇಳೋದನ್ನ ಯಾರು ಕಲಿಸಿದ್ರು?"

ಅವಳು ಬಾಗಿಲ ಕಡೆ ಕೈ ತೋರಿಸಿದಳು. ಕರಿ ಕೈಯಲ್ಲಿ ಹನ್ನೆರಡು ಬಳೆ ಹಿಡಿದು ನಾನು ನಿಂತಿದ್ದೆ. ಎಲ್ಲಿ ನೋಡಬೇಕೋ ತಿಳಿಯದೆ ಕೇಸರಿಬಾತಿನ ಡಬ್ಬಿ ಮುಂದೆ ಚಾಚಿದೆ. ಆರು ಹೆಸರು ಓದಿದಾಗ ಸವಿತಂದು ಎರಡನೆಯದು.

ಇವತ್ತು ಸಂಜೆ ಅವಳು ಊರಿಗೆ ಬಂದಳು. ನಾಳೆ ಅದೇ ಕಾಲೇಜಿಗೆ ಹೋಗ್ತಾಳೆ, ಕಾರ್ಖಾನೆಯ ಕಡೆಯಿಂದ, ಆರಿಸೋಕೆ! ಊರೆಲ್ಲ ಸಾರಿ ಬರೋಣ ಅನ್ನಿಸ್ತಿದೆ ನನಗೆ. ಬಂದವಳೇ ಬೆಚ್ಚಿದಳು: "ಅಯ್ಯೋ ಅಜ್ಜಿ, ಆ ಸೀರೆ ಕತ್ತರಿಸಿಬಿಟ್ಯಾ?"

ಹೌದು, ನಾನೇ ಕತ್ತರಿಸಿದೆ. ಸೆರಗನ್ನು ಮಡಿಸಿ ಒಂದು ಚೀಲ ಹೊಲಿದಿದ್ದೆ.

"ನಾಳೆ ಯಾವಳಾದ್ರೂ ಬಳೆ ತೊಟ್ಕಂಡು ಬಂದಿರ್ತಾಳೆ. ಬ್ಯಾಡ ಅಂದ್ಬಿಡಬ್ಯಾಡ ಕಣೇ, ಅವಳ ಹಿಂದೆ ಒಬ್ಬಳು ಅಜ್ಜಿ ಇರ್ತಾಳೆ. ಬಳೇನ ಇದರಾಗೆ ಜೋಪಾನ ಮಾಡು. ಕೊಬ್ಬರಿ ಎಣ್ಣೆ ಶೀಸೇನೂ ಇಟ್ಟಿದೀನಿ, ಗ್ರೀಸಾದ್ರೆ ಸೀರೆ ಕೆಡ್ತದೆ."